ಹಡಗಿಗೂ ಜಂಗು ಹಿಡಿತೈತಿ

ನಮ್ಮ ಲಿಂಗಸುಗೂರಿನವ್ರಿಗೆ ದೊಡ್ಡ ನೀರು ಅಂದ್ರ ಕೃಷ್ಣಾ ಹೊಳಿ ಒಂದೇ. ಮಳಿಗಾಲದಾಗ ಹೊಳಿ ತುಂಬಿ ಬಂದಾಗ ಜಲದುರ್ಗಕ್ಕ ಹೋಗಿ ಕೋಟಿ ಮ್ಯಾಲೆ ನಿಂತು ನೋಡಿ ಬಂದ್ರ, ಅದೇ ನಮ್ಮ ಸಮುದ್ರ. ಅಂಥ ಊರಾಗ ಹುಟ್ಟಿದ ನನ್ನ ಸಣ್ಣ ಮಗ ಐಟಿಐದಾಗ ವೆಲ್ಡರ್ ಕಲ್ತು, ಕಾರವಾರಕ್ಕ ಹಡಗು ರಿಪೇರಿ ಕೆಲಸಕ್ಕ ಹೊಂಟು ನಿಂತ. "ಹಟ್ಟಿ ಚಿನ್ನದ ಗಣಿ ಮಗ್ಗಲದಾಗೇ ಐತಿ, ಅಲ್ಲಿ ನೋಡಬಾರದೇನಪಾ?" ಅಂದೆ. ಅವ ನಕ್ಕೊಂತ ಬ್ಯಾಗು ಹೆಗಲಿಗೆ ಹಾಕ್ಕೊಂಡು ಹುಬ್ಬಳ್ಳಿ ಬಸ್ ಹತ್ತಿದ.

ಯುದ್ಧದ ಹಡಗು ಅಂದ್ರ ತೋಪು, ಕ್ಷಿಪಣಿ ಅಂತ ನಾ ತಿಳ್ಕೊಂಡಿದ್ದೆ. ಒಂದು ದಿನ ಫೋನಿನ್ಯಾಗ ಕೇಳಿದೆ, "ಅಲ್ಲಿ ಏನ್ ಮಾಡ್ತೀಯೋ?" "ಯವ್ವಾ, ಬರೇ ಜಂಗಿನ ಕೂಡ ಜಗಳ" ಅಂದ.

ಜಂಗಿನ ಜಗಳ ನನಗ ಹೊಸಾದಲ್ಲ. ನಮ್ಮ ಬೋರಿನ ನೀರು ಸವಳು. ರೊಟ್ಟಿ ಹಂಚು ಒಂದು ವಾರ ಎಣ್ಣಿ ಕೈ ಕಾಣಲಿಲ್ಲಂದ್ರ ಕೆಂಪಾಗಿ ಕೂಡ್ತೈತಿ. ಸಿಹಿನೀರಿನ ಊರವ್ರಿಗೆ ಇದು ತಿಳಿಯಾಂಗಿಲ್ಲ. ಹಂತಾದ್ರಾಗ ಹಗಲೂ ರಾತ್ರಿ ಉಪ್ಪುನೀರಾಗ ನಿಂತ ಕಬ್ಬಿಣದ ಗತಿ ಏನು? ಅದಕ್ಕ ಹಡಗನ್ನ ಆಗಾಗ ನೀರಿನಿಂದ ಹೊರಗ ತೆಗಿಲೇಬೇಕಂತ.

ಹೊರಗ ತೆಗಿಯೋದು ಹ್ಯಾಂಗಂತ ಮಗ ಹೇಳಿದ ಮಾತು ನಾ ಎರಡು ಸಲ ಹೇಳಿಸಿಕೊಂಡೆ. ಕಾರವಾರದ ನೌಕಾನೆಲಿ, ಐ.ಎನ್.ಎಸ್. ಕದಂಬದಾಗ, ಹಡಗು ಎತ್ತೋ ಒಂದು ಕಟ್ಟಿ ಐತಿ. ಉದ್ದ 175 ಮೀಟರ್, ಅಗಲ 28 ಮೀಟರ್. ಅದನ್ನ ನೀರಾಗ ಮುಳುಗಿಸ್ತಾರ, ಹಡಗು ತೇಲಿಕೊಂತ ಅದರ ಮ್ಯಾಲೆ ಬಂದು ನಿಲ್ತೈತಿ. ಆಮ್ಯಾಲೆ ಎರಡೂ ಕಡಿ ಸಾಲಾಗಿ ಕೂಡಿಸಿದ ಯಂತ್ರಗಳು ಉಕ್ಕಿನ ಹಗ್ಗದಿಂದ ಒಂದೇ ಸಮ ಜಗ್ಗತಾವ. ಬಾವಿಯಾಗಿಂದ ಕೊಡ ಎಳದಂಗ. ಆದ್ರ ಕೊಡದ ತೂಕ 10,000 ಟನ್ನಿನ ತನಕ! ಒಂದು ಬದಿ ತುಸು ಮುಂದಾದ್ರೂ ಹಡಗು ವಾಲ್ತೈತಿ. ಮ್ಯಾಲೆ ಬಂದ ಮ್ಯಾಲೆ ಹಳಿ ಮ್ಯಾಲೆ ಸರಿಸಿ, ಒಣ ಜಾಗಾದಾಗ ನಿಲ್ಲಿಸಿ ಕೆಲಸ ಹಿಡಿತಾರ.

ತಳಕ್ಕ ಅಂಟಿದ ಚಿಪ್ಪು, ಪಾಚಿ ಕೆರಿತಾರ. ಅವು ಬೆಳೆದ್ರ ಹಡಗು ಜಡ ಆಗಿ ಎಣ್ಣಿ ಜಾಸ್ತಿ ಕುಡಿತೈತಿ. ಆಮ್ಯಾಲೆ ಹಾಳಿ ಎಷ್ಟು ದಪ್ಪ ಉಳಿದೈತಿ ಅಂತ ಯಂತ್ರ ಹಚ್ಚಿ ಅಳಿತಾರ. ನಮ್ಮ ಹೆಣ್ಮಕ್ಕಳ ಹೊಟ್ಟಿ ಸ್ಕ್ಯಾನ್ ಮಾಡ್ತಾರಲ್ಲ, ಹಂಗ ಧ್ವನಿ ಬಿಟ್ಟು ನೋಡೋದು. ಸವೆದದ್ದನ್ನ ಕತ್ತರಿಸಿ ಹೊಸಾ ಹಾಳಿ ಬೆಸಿತಾರ. ಬೆಸುಗಿ ಸರಿ ಕೂತೈತೋ ಇಲ್ಲೋ ಅಂತ ಅದಕ್ಕೂ ಎಕ್ಸ್‌ರೇ! ಕಡಿಗೆ ಬಣ್ಣ. ನೌಕಾಪಡಿಗೆ ಬೂದಿ ಬಣ್ಣ, ಕೋಸ್ಟ್ ಗಾರ್ಡಿಗೆ ಬಿಳಿ.

ಇನ್ನೊಂದು ಹೇಳಿದ. ಹಡಗಿನ ತಳಕ್ಕ, ಪಂಖದ ಹತ್ರ, ಸತುವಿನ ಬಿಲ್ಲೆ ಕೂಡಿಸ್ತಾರಂತ. ಸಮುದ್ರದ ನೀರು ಕಬ್ಬಿಣ ಬಿಟ್ಟು ಮೊದಲ ಸತುವನ್ನ ತಿಂತೈತಿ. ಬಿಲ್ಲೆ ಕರಗ್ತಾ ಹೋಗ್ತೈತಿ, ಹಡಗು ಉಳಿತೈತಿ.

ಸ್ಪೀಕರ್ ಹಾಕಿದ್ದೆ, ನಮ್ಮ ಮನಿಯವ್ರೂ ಕೇಳಾಕತ್ತಿದ್ರು. "ಹಂಗಾರ ನಮ್ಮನಿ ಸತು ನಿಮ್ಮವ್ವನೇ ನೋಡಪಾ" ಅಂದ್ರು. ಪ್ರೀತಿಲೇ ಅಂದ್ರು, ನನಗೂ ಹಿಗ್ಗಾತು.

ಆದ್ರ ರಾತ್ರಿ ನಿದ್ದಿ ಬರಲಿಲ್ಲ. ನಮ್ಮ ಅತ್ತಿ ಜಾರಿ ಬಿದ್ದು ಸೊಂಟ ಮುರಕೊಂಡು ಹಾಸಿಗಿ ಹಿಡಿದು ಆರು ವರ್ಷ. ಎತ್ತೋದು, ತೊಳಿಯೋದು, ಉಣಿಸೋದು ಎಲ್ಲಾ ನನ್ನ ಕೈಲೇ. ಅದಕ್ಕ ಬ್ಯಾಸರಿಲ್ಲ. ಆದ್ರ ಈ ಆರು ವರ್ಷದಾಗ ತವರುಮನಿ ಜಾತ್ರಿಗೆ ಹೋಗಿಲ್ಲ. ಡಾಕ್ಟ್ರು ಮೊಣಕಾಲು ನೋಡಿ "ವಿಶ್ರಾಂತಿ ತೊಗೋರಿ" ಅಂದು ಒಂದು ವರ್ಷಾತು. ಮರುದಿನ ಮಗನಿಗೆ ನಾನೇ ಫೋನ್ ಹಚ್ಚಿದೆ. "ಆ ಬಿಲ್ಲೆ ಪೂರಾ ಕರಗಿದ ಮ್ಯಾಲೆ ಏನಾಗ್ತೈತೋ?"

"ಕರಗಾಕ ಬಿಡಾಂಗಿಲ್ಲ ಯವ್ವಾ. ಹಡಗು ಮ್ಯಾಲೆ ಬಂದಾಗೆಲ್ಲ ಬದಲಿ ಮಾಡ್ತೀವಿ. ಬಿಟ್ರ ನೀರು ಹಡಗನ್ನೇ ತಿಂತೈತಿ."

ಅವತ್ತು ಸಂಜೀಕ ಚಾ ಕೊಟ್ಟು ಮನಿಯವ್ರಿಗೆ ಹೇಳಿದೆ. ಒಂದು ತಿಂಗಳು ಅತ್ತಿಯನ್ನ ಮಸ್ಕಿಯಾಗಿರೋ ನಾದಿನಿ ಮನಿಗೆ ಕಳಸ್ರಿ, ನಾನು ಮಗನ ಹತ್ರ ಹೋಗಿ ಬರ್ತೀನಿ. ಅವ್ರು ಮಾರಿ ಸಣ್ಣದು ಮಾಡಿದ್ರು. "ಮಗನ ಮನಿ ಇರುವಾಗ ಮುದುಕಿನ್ನ ಮಗಳ ಮನಿಗೆ ಅಟ್ಟಿದ್ರು ಅಂತಾರ ಜನ." "ಸತು ಅಂದವ್ರು ನೀವಲ್ರಿ? ಬದಲಿ ಯಾವಾಗ?" ಅಂದೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಾಗ ಹಿಂಗ ಎದುರು ಮಾತಾಡಿದ್ದು ಕಡಿಮಿ. ಎದಿ ಡವಡವ ಅಂತಿತ್ತು.

ಒಳಗಿನ ಕೋಣ್ಯಾಗಿಂದ ಅತ್ತಿ ದನಿ ಬಂತು. "ನನ್ನೂ ಕೇಳ್ರಪಾ ಒಂದು ಮಾತು. ಆರು ವರ್ಷಾತು ಇದೇ ಗ್ವಾಡಿ ನೋಡಾಕತ್ತೀನಿ. ಮಗಳ ಮನಿ ಗ್ವಾಡಿನೂ ನೋಡ್ತೀನಿ, ಕಳಸ್ರಿ." ಮನಿಯವ್ರು ಎದ್ದು ತಂಗಿಗೆ ಫೋನ್ ಹಚ್ಚಿದ್ರು.

ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳದು ಕಾರವಾರಕ್ಕ ಹೋದೆ. ನೆಲಿ ಒಳಗ ನಮ್ಮಂಥವ್ರನ್ನ ಬಿಡಾಂಗಿಲ್ಲ. ಅರ್ಗಾದ ಹತ್ರ ರಸ್ತಾಗುಂಟ ಬಸ್ಸಿನ್ಯಾಗಿಂದ ಕಂಪೌಂಡ್ ಗ್ವಾಡಿ ಅಷ್ಟೇ ನೋಡಿದೆ. 1986ರಾಗ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, ನೆಲಿ ಶುರುವಾದದ್ದು 2005ರ ಮೇ 31ಕ್ಕ. ನಡುವ ಕಾರವಾರ, ಅಂಕೋಲಾ ತಾಲೂಕಿನ ಎಷ್ಟೋ ಮನಿತನ ಹೊಲ, ಮನಿ, ಬಲಿ ಬೀಸೋ ದಂಡಿ ಬಿಟ್ಟು ಎದ್ದಾವ. ಪರಿಹಾರಕ್ಕ ವರ್ಷಗಟ್ಟಲೆ ಕೋರ್ಟು ತಿರುಗ್ಯಾರ. ನಾರಾಯಣಪುರ ಡ್ಯಾಮ್ ಕಟ್ಟಿದಾಗ ಹೊಳಿದಂಡಿ ಮಂದಿ ಎದ್ದದ್ದು ಕೇಳಿ ಬೆಳೆದವ್ರು ನಾವು. ಅದಕ್ಕ ಆ ಗ್ವಾಡಿ ನೋಡಿದಾಗ ಹೆಮ್ಮಿ ಜೋಡಿ ಹೊಟ್ಟಿಯಾಗ ಕಲಮಲನೂ ಆತು.

ಟಾಗೋರ್ ಕಡಲದಂಡಿ ಮ್ಯಾಲೆ ಐ.ಎನ್.ಎಸ್. ಚಪಲ ಅನ್ನೋ ಹಳೇ ಕ್ಷಿಪಣಿ ಹಡಗು ನಿಲ್ಲಿಸ್ಯಾರ. 2006ರಿಂದ ಅದು ವಸ್ತುಸಂಗ್ರಹಾಲಯ. ಸೀರಿ ನೆರಿಗಿ ಎತ್ತಿ ಹಿಡಿದು ಕಬ್ಬಿಣದ ನಿಚ್ಚಣಿಕಿ ಹತ್ತಿ ಒಳಗ ಹೋದೆ. ಏನು ಇಕ್ಕಟ್ಟು! ನಮ್ಮ ಅಡಗಿಮನಿನೇ ಅರಮನಿ ಅನಸ್ತು. ಯುದ್ಧ ಬಿಟ್ಟು ನೆಲಕ್ಕ ಬಂದು ನಿಂತ ಹಡಗಿಗೂ ಉಪ್ಪುಗಾಳಿ ಬಿಟ್ಟಿಲ್ಲ. ಮಗ ಒಂದು ಕಡಿ ಬಣ್ಣ ಎದ್ದಿದ್ದ ಜಾಗಾ ಉಗುರಿಲೇ ಕೆರೆದು ನೋಡಿದ. ನಾ ಹಂಚು ನೋಡಿದಂಗೇ ನೋಡಿದ.

ಸಂಜೀಕ ಅವನ ಅಂಗೈ ಹಿಡಿದು ನೋಡಿದೆ. ಕಿಡಿ ಬಿದ್ದ ಸಣ್ಣ ಸಣ್ಣ ಕಲಿ. ಹಡಗು ಕಟ್ಟಿದವ್ರ ಹೆಸರು ಒಂದು ದಿನ ಪೇಪರಿನ್ಯಾಗ ಬರ್ತೈತಿ. ಜಂಗು ಕೆರೆದವ್ರದ್ದು ಬರಾಂಗಿಲ್ಲ. ನನಗ ಅದು ಗೊತ್ತಿದ್ದ ಮಾತೇ.

ತಿಂಗಳಾದ ಮ್ಯಾಲೆ ಅತ್ತಿ ಮಸ್ಕಿಯಿಂದ ಬಂದ್ರು, ಮಾರಿ ಮ್ಯಾಲೆ ತುಸು ಕಳಿ ಬಂದಿತ್ತು. ಹಾಸಿಗಿ ಮ್ಯಾಲೆ ಮಲಗಿಸಿದ ಕೂಡ್ಲೇ ಕೇಳಿದ್ರು, "ಮುಂದಿನ ವರ್ಷ ಯಾವ ತಿಂಗಳು ಕಳಸ್ತೀ?"

ಹಂಚು ಮಾತ್ರ ಪೂರಾ ಕೆಂಪಾಗಿ ಕೂತಿತ್ತು. ಮನಿಯವ್ರು ತಿಂಗಳಿಡೀ ಖಾನಾವಳಿಯಾಗ ಉಂಡಿದ್ರಂತ. ಇಟ್ಟಂಗಿ ಪುಡಿ ಅವರ ಕೈಗೇ ಕೊಟ್ಟು, ತಿಕ್ಕಾಕ ಹಚ್ಚಿದೆ.