ಮುಚ್ಚಿದ ಪೆಟ್ಟಿಗೆಯೊಳಗಿನ ಆಯಸ್ಕಾಂತ

ನಮ್ಮ ಕಾಸರಗೋಡಿನ ಶಾಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಆಯಸ್ಕಾಂತವಿಟ್ಟು, ಸುತ್ತ ದಿಕ್ಸೂಚಿ ಹಿಡಿದು ಅದು ಹೇಗೆ ಮಲಗಿದೆ ಎಂದು ಮಕ್ಕಳಿಂದ ಹೇಳಿಸಿದೆವು.

ಪರಮಾಣು ಸಮ್ಮಿಲನದ ಟೋಕಮಾಕ್ ಯಂತ್ರದಲ್ಲೂ ಹೀಗೆಯೇ ಎಂದೆವು. 10 ಕೋಟಿ ಡಿಗ್ರಿಯಷ್ಟು ಕಾದ ಪ್ಲಾಸ್ಮಾದ ನಡುವೆ ಉಪಕರಣ ಇಳಿಸುವಂತಿಲ್ಲ. ಸುತ್ತಲಿನ ತಂತಿ ಸುರುಳಿಗಳು ಕಾಂತಕ್ಷೇತ್ರ ಅಳೆಯುತ್ತವೆ. ಪ್ಲಾಸ್ಮಾದ ಒತ್ತಡಕ್ಕೆ ಕಾಂತಬಲ ಸಮತೂಗಬೇಕೆಂಬ ಸಮೀಕರಣದಿಂದ ಕಂಪ್ಯೂಟರು ಅದರ ಆಕಾರ ಬಿಡಿಸುತ್ತದೆ. 1985ರಲ್ಲಿ ಪ್ರಕಟವಾದ ಇಎಫ್‌ಐಟಿ ವಿಧಾನ ಇಂದಿಗೂ ಬಳಕೆಯಲ್ಲಿದೆ.

"ಒಳಗೆ ಎರಡು ಆಯಸ್ಕಾಂತ ಇದ್ದರೆ ಮಾಷ್ಟ್ರೇ?" ಎಂದಳು ಹಿಂದಿನ ಬೆಂಚಿನ ಹುಡುಗಿ. ನಾವು ತಡವರಿಸಿದೆವು. ವಿಜ್ಞಾನಿಗಳಿಗೂ ಇದೇ ತೊಡಕು. ಹೊರಗಿನ ಅಳತೆಯಿಂದ ಅಂಚು ಚೆನ್ನಾಗಿ ಸಿಗುತ್ತದೆ. ಒಳಗೆ ವಿದ್ಯುತ್ ಹಂಚಿರುವ ರೀತಿ ಪೂರ್ತಿ ಸಿಗುವುದಿಲ್ಲ. ಅದಕ್ಕೇ ಒಳಗಿಂದ ಬರುವ ಬೆಳಕನ್ನೂ ಪರೀಕ್ಷಿಸುತ್ತಾರೆ.

ಆ ಹುಡುಗಿಗೆ ಯಾವಾಗಲೂ ಅಂಕ ಕಡಿಮೆ. ದಡ್ಡಿ ಎಂದುಕೊಂಡಿದ್ದೆವು. ಈಗ ಅವಳನ್ನು ಬಾಯಿಮಾತಿನಲ್ಲೂ ಕೇಳುತ್ತಿದ್ದೇವೆ.