ಅಪ್ಪನ ಅಕ್ಷರಗಳು

ನನ್ನ ತಂದೆ ಅಂಗಡಿಗಳ ನಾಮಫಲಕ ಬರೆದು ನಮ್ಮನ್ನು ಸಾಕಿದವರು. ಅವರ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟವನೇ ಹೊರತು ನಾನೆಂದೂ ಕುಂಚ ಹಿಡಿದವನಲ್ಲ. ನಾನು ಗುರುಮಠಕ್ಕೆ ಹೊರಟಾಗ ಅವರು ಏನೂ ಹೇಳಲಿಲ್ಲ. ಫ್ಲೆಕ್ಸ್ ಬಂದು ಕೆಲಸ ನಿಂತಾಗಲೂ ಏನೂ ಹೇಳಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷಗಳಾದವು.

ಕಳೆದ ಮಳೆಗಾಲದಲ್ಲಿ ಊರಿನ ದರ್ಜಿಯೊಬ್ಬರು ಫೋನ್ ಮಾಡಿ, "ಫಾದರ್, ನಿಮ್ಮ ಅಪ್ಪ ಬರೆದ ಬೋರ್ಡು ತುಕ್ಕು ಹಿಡಿದಿದೆ, ಹೊಸದು ಮಾಡಿಸಬೇಕು. ಅದೇ ಅಕ್ಷರ ಸಿಕ್ಕಿದ್ದರೆ ಚೆನ್ನಾಗಿತ್ತು" ಎಂದು ಹೇಳಿ ಒಂದು ಫೋಟೋ ಕಳುಹಿಸಿದರು.

ಫೋಟೋವನ್ನು ಹಿಗ್ಗಿಸಿದರೆ ಅಕ್ಷರದ ಅಂಚುಗಳು ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತವೆ. ವೆಕ್ಟರ್ ಚಿತ್ರದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಆಕೃತಿಯು ಬಿಂದು ಮತ್ತು ವಕ್ರರೇಖೆಗಳ ಲೆಕ್ಕವಾಗಿ ಉಳಿಯುವುದರಿಂದ ಎಷ್ಟು ದೊಡ್ಡದು ಮಾಡಿದರೂ ಅಂಚು ಸ್ಪಷ್ಟ. ಇದನ್ನು ತಿಳಿಸಿದವಳು ನಮ್ಮ ಗಾನವೃಂದದಲ್ಲಿ ಹಾಡುವ ಎಂಜಿನಿಯರಿಂಗ್ ವಿದ್ಯಾರ್ಥಿನಿ. 2003ರಲ್ಲಿ ಆರಂಭವಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವನ್ನು ಅವಳೇ ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಳು.

ಮೊದಲು ಸುಲಭದ ದಾರಿ ಹಿಡಿದೆ. ಫೋಟೋವನ್ನು ತಾನಾಗಿಯೇ ರೇಖೆಯಾಗಿಸುವ ಆಜ್ಞೆಯೊಂದಿದೆ. ಅದು ತುಕ್ಕಿನ ಕಲೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಟ್ಟಿತು! ಬಳಿಕ 'ಪೆನ್' ಎಂಬ ಉಪಕರಣಕ್ಕೆ ಬಂದೆ. ಹೆಸರು ಪೆನ್ನಾದರೂ ಅದನ್ನು ಪೆನ್ನಿನಂತೆ ಎಳೆಯಲಾಗದು. ಮೌಸ್ ಒತ್ತಿದಲ್ಲಿ ಒಂದು ಬಿಂದು ಮೂಡುತ್ತದೆ. ಒತ್ತಿ ಎಳೆದರೆ ಬಿಂದುವಿನ ಎರಡೂ ಕಡೆ ಹಿಡಿಕೆಗಳು ಚಾಚಿಕೊಳ್ಳುತ್ತವೆ. ಅವುಗಳ ದಿಕ್ಕು ಮತ್ತು ಉದ್ದವೇ ರೇಖೆಯ ಬಾಗನ್ನು ನಿರ್ಧರಿಸುತ್ತವೆ. ಈ ರೇಖೆಗೆ ಬೆಜಿಯೆ ಎಂದು ಹೆಸರು. ಫ್ರಾನ್ಸಿನ ರೆನೊ ಕಾರ್ಖಾನೆಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಯ ತಿರುವುಗಳನ್ನು ವಿನ್ಯಾಸಗೊಳಿಸಲು ಬಳಸಿದ ವಿಧಾನವದು. ಬಹುಪಾಲು ಬಾಗುಗಳಿಂದಲೇ ಆದ ನಮ್ಮ ಕನ್ನಡ ಲಿಪಿಗೆ ಹೇಳಿ ಮಾಡಿಸಿದಂತಿದೆ.

ಒಂದೇ ಒಂದು 'ದ'ಕಾರಕ್ಕೆ ನಲವತ್ತೊಂದು ಬಿಂದುಗಳನ್ನಿಟ್ಟೆ. ಅಕ್ಷರ ಕಂಬಳಿಹುಳುವಿನಂತಾಯಿತು. "ಫಾದರ್, ಇಷ್ಟೆಲ್ಲ ಬೇಡ. ತಿರುವು ಬದಲಾಗುವ ಕಡೆ ಮಾತ್ರ ಇಡಿ" ಎಂದಳು ಹುಡುಗಿ. ಹನ್ನೆರಡರಲ್ಲಿ ಮುಗಿಯಿತು. ತಲೆಕಟ್ಟು ಎಲ್ಲಿ ದಪ್ಪವಾಗುತ್ತದೆ, ಒಡಲು ಎಲ್ಲಿ ತೆಳುವಾಗುತ್ತದೆ ಎಂಬುದನ್ನು ಹುಡುಕುತ್ತಾ, ಅಪ್ಪ ಎಲ್ಲಿ ಕುಂಚವನ್ನು ಒತ್ತಿ ಎಲ್ಲಿ ಸಡಿಲಿಸುತ್ತಿದ್ದರೆಂದು ಐವತ್ತು ದಾಟಿದ ಮೇಲೆ ಕಂಡುಕೊಂಡೆ. ಕುಂಚ ತೊಳೆಯುವ ಹುಡುಗನಿಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ.

'ಟೈಲರ್ಸ್' ಎಂಬಲ್ಲಿ, ಕೊನೆಯ ಅರ್ಕಾವೊತ್ತಿನಲ್ಲಿ, ಗೆರೆ ನಡುಗಿತ್ತು. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ತಂತ್ರಾಂಶದಲ್ಲಿ ರೇಖೆಯನ್ನು ಸರಳಗೊಳಿಸುವ ಆಜ್ಞೆಯಿದೆ. ಒತ್ತಿದೆ. ಗೆರೆ ನಯವಾಯಿತು, ಯಾರು ಬೇಕಾದರೂ ಬರೆದಿರಬಹುದಾದಷ್ಟು ನಯ. ಕೂಡಲೇ ಹಿಂದಕ್ಕೆ ತಂದೆ.

ಈಗ ತಗಡಿಗೆ ಬರೆಯುವವರು ನಮ್ಮೂರಿನಲ್ಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಯಂತ್ರದ ಅಲಗು ನನ್ನ ರೇಖೆಯನ್ನೇ ಅನುಸರಿಸಿ ಸ್ಟಿಕ್ಕರ್ ಹಾಳೆಯಿಂದ ಅಕ್ಷರಗಳನ್ನು ಕತ್ತರಿಸಬೇಕಿತ್ತು. ಪರದೆಯನ್ನು ನೋಡಿದ ಅಲ್ಲಿನ ಯುವಕ, "ಫಾದರ್, ಇಲ್ಲಿ ಗೆರೆ ಸೊಟ್ಟ ಆಗಿದೆ, ಸರಿ ಮಾಡಿಬಿಡಲಾ?" ಎಂದು ಕೇಳಿದ.

ಬೇಡಪ್ಪ, ಹಾಗೆಯೇ ಕತ್ತರಿಸು ಎಂದೆ.