ಏರಿನಲ್ಲಿ ಜಾರುವ ಕ್ಲಚ್ಚು

ಕ್ಲಚ್ ಪ್ಲೇಟು ಒಂದೇ ದಿನದಲ್ಲಿ ಹೋಗುವುದಿಲ್ಲ. ಸ್ವಲ್ಪಸ್ವಲ್ಪವೇ ಸವೆಯುತ್ತದೆ. ಓಡಿಸುವವರ ಕೈಯೂ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುವುದರಿಂದ ಗೊತ್ತೇ ಆಗುವುದಿಲ್ಲ. ಬಯಲುಸೀಮೆಯ ಸಪಾಟು ರಸ್ತೆಯಲ್ಲಾದರೆ ಇನ್ನೂ ಕೆಲವು ತಿಂಗಳು ಹಾಗೇ ನಡೆದೀತು. ನಮ್ಮ ಮೂಡಿಗೆರೆ ಕಡೆಯ ಏರುಗಳು ಮಾತ್ರ ಏನನ್ನೂ ಮುಚ್ಚಿಡಲು ಬಿಡುವುದಿಲ್ಲ.

ನಮ್ಮ ಮನೆಯಿಂದ ಟಾರು ರಸ್ತೆಗೆ ನಾಲ್ಕು ಕಿಲೋಮೀಟರು. ಅರ್ಧಕ್ಕರ್ಧ ಕಾಫಿ ತೋಟದ ನಡುವಿನ ಮಣ್ಣು ದಾರಿ, ಮಳೆಗಾಲದಲ್ಲಿ ಬರೀ ಕೆಸರು. ಬೆಳಿಗ್ಗೆ ಅಪ್ಪ ಸ್ಪ್ಲೆಂಡರಿನ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗಿ ಬರಬೇಕು. ಅವರು ಬಂದ ಮೇಲೆ ಅದೇ ಬೈಕಿನಲ್ಲಿ ನಾನು ತಂಗಿಯನ್ನು ಬಸ್ಸಿಗೆ ಬಿಡಬೇಕು. ಆ ಬಸ್ಸು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಕಾಲೇಜಿನಲ್ಲಿ ಎರಡು ಪೀರಿಯಡ್ಡು ಮುಗಿದಿರುತ್ತದೆ. ಅವಳು ಎರಡನೇ ಪಿಯುಸಿ. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಜುಲೈ ಹೊತ್ತಿಗೆ ಬೈಕು ಏರಿನಲ್ಲಿ ಬರೀ ಕೂಗತೊಡಗಿತು. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಸದ್ದು ಏರುತ್ತದೆ, ಚಕ್ರ ಮಾತ್ರ ಅದಕ್ಕೆ ತಕ್ಕಂತೆ ತಿರುಗುವುದಿಲ್ಲ. ದೊಡ್ಡ ಏರು ಬಂದಾಗ ತಂಗಿ ತಾನಾಗಿಯೇ ಇಳಿದು, ಬ್ಯಾಗು ಹೊತ್ತು ಹಿಂದೆ ನಡೆದು ಬರುತ್ತಿದ್ದಳು. ಒಂದೇ ವಾರದಲ್ಲಿ ಎರಡು ಸಲ ಬಸ್ಸು ತಪ್ಪಿತು.

ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆವು. ಬೈಕನ್ನು ಸ್ಟಾರ್ಟ್ ಕೂಡ ಮಾಡದೆ, "ಎಂಜಿನ್ ಕೆಲಸ ಸಾರ್, ಆರು ಸಾವಿರ ಆಗುತ್ತೆ, ನಾಲ್ಕು ದಿನ ಬಿಟ್ಟು ಹೋಗಿ" ಅಂದರು. ಆರು ಸಾವಿರವನ್ನು ಹೇಗೋ ಹೊಂದಿಸಬಹುದಿತ್ತು. ನಾಲ್ಕು ದಿನ ಹಾಲು ಹೊರುವವರು ಯಾರು? ಬೈಕು ಮನೆಗೆ ವಾಪಸ್ ಬಂತು.

ಪಿಯುಸಿ ಓದುವಾಗ ನನ್ನ ರಜೆಗಳೆಲ್ಲ ಬೇಲೂರಿನಲ್ಲಿ ಚಿಕ್ಕಪ್ಪನ ಗ್ಯಾರೇಜಿನಲ್ಲೇ ಕಳೆದಿದ್ದವು. ಫೋನ್ ಮಾಡಿದೆ. ಅವರದ್ದು ಒಂದೇ ನಿಯಮ: "ಮೊದಲು ಬಿಟ್ಟಿ ಪರೀಕ್ಷೆಗಳನ್ನೆಲ್ಲ ಮುಗಿಸು. ಸ್ಪ್ಯಾನರ್ ಆಮೇಲೆ ಹಿಡಿ." ವರದಿಗಾರಿಕೆಗೂ ಸಲ್ಲುವ ಮಾತು.

ಮೊದಲನೆಯದು ಕೇಬಲ್. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಅದಿಲ್ಲದೆ ಬಿಗಿಯಾಗಿದ್ದರೆ ನೀವು ಲಿವರ್ ಬಿಟ್ಟರೂ ಕ್ಲಚ್ಚು ಅರೆಬರೆ ಒತ್ತಿದಂತೆಯೇ ಇರುತ್ತದೆ, ಪ್ಲೇಟು ಜಾರುತ್ತದೆ. ಪ್ಲೇಟು ಸವೆದಂತೆ ಈ ಸಡಿಲವೂ ಕಡಿಮೆಯಾಗುತ್ತಾ ಬರುತ್ತದೆ. ನಮ್ಮದರಲ್ಲಿ ಸಡಿಲ ಇರಲೇ ಇಲ್ಲ. ಅಡ್ಜಸ್ಟರ್ ತಿರುಗಿಸಿ 15 ಮಿಲಿಮೀಟರ್ ಬಿಟ್ಟೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅದೇ ಕೂಗು.

ಎರಡನೆಯದು ಆಯಿಲ್. ಬೈಕಿನ ಕ್ಲಚ್ಚು ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರಿಗೆಂದು ಮಾಡಿದ ಕೆಲವು ಆಯಿಲುಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ. ಅದನ್ನು ಬೈಕಿಗೆ ಹಾಕಿದರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಂತ ಇದೆಯಾ ನೋಡಿ. ನಾವು ಹಾಕಿದ್ದು ಅದೇ. ಹಾಗಾಗಿ ಆಯಿಲಿನ ಮೇಲಿನ ಅನುಮಾನವೂ ಹೋಯಿತು.

ಮೂರನೆಯದು ರಸ್ತೆ ಪರೀಕ್ಷೆ. ಸಪಾಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ತಿರುಗಿಸಬೇಕು. ಎಂಜಿನ್ ಸದ್ದು ದಿಢೀರನೆ ಏರಿ ಸ್ಪೀಡು ಏರದಿದ್ದರೆ ಕ್ಲಚ್ಚು ಜಾರುತ್ತಿದೆ ಅಂತಲೇ ಅರ್ಥ. ನಮ್ಮದರಲ್ಲಿ ಹಾಗೇ ಆಯಿತು, ಜೊತೆಗೆ ಸುಟ್ಟ ವಾಸನೆ ಬೇರೆ. ಇದಕ್ಕೆ ತದ್ವಿರುದ್ಧ ರೋಗವೂ ಒಂದಿದೆ: ಲಿವರ್ ಪೂರ್ತಿ ಹಿಡಿದರೂ ಬೈಕು ಮುಂದಕ್ಕೆ ಎಳೆಯುವುದು, ನ್ಯೂಟ್ರಲ್ ಸಿಗದಿರುವುದು. ಅದು ಕ್ಲಚ್ಚು ಬಿಡದಿರುವ ತೊಂದರೆ. ಎರಡನ್ನೂ ಒಂದೇ ಅಂದುಕೊಳ್ಳಬಾರದು.

"ನೀನು ಓದಿದ್ದು ಪೇಪರಿಗೆ ಬರೆಯೋಕೆ ಮಾರಾಯ, ಎಂಜಿನ್ ಬಿಚ್ಚೋಕಲ್ಲ" ಅಂದರು ಅಪ್ಪ. ಹಾಗಂದರೂ ಭಾನುವಾರ ಬೆಳಿಗ್ಗೆ ಡೈರಿಯಿಂದ ಬಂದವರೇ ಬೈಕನ್ನು ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸಿದರು. ಸಂಜೆಯ ಹಾಲಿನೊಳಗೆ ಮುಗಿಯಬೇಕು ಅನ್ನುವುದು ಒಪ್ಪಂದ. ಪ್ಲೇಟಿನ ಸೆಟ್ಟು ಮತ್ತು ಸ್ಪ್ರಿಂಗು, ಗ್ಯಾಸ್ಕೆಟ್ಟು, ಆಯಿಲ್ ಮೊದಲೇ ತಂದಿಟ್ಟಿದ್ದೆ. ಹೊಸ ಉಜ್ಜು ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಹೊಸ ಆಯಿಲಿನಲ್ಲಿ ನೆನೆಹಾಕಿದ್ದೆ. ಒಣ ಪ್ಲೇಟು ಜೋಡಿಸಿದರೆ ಶುರುವಿನಲ್ಲೇ ಸುಟ್ಟುಹೋಗಬಹುದು.

ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಇಳಿಸಿದೆವು. ಕೇಬಲ್ ಕಳಚಿ, ಕಿಕ್ಕರ್ ಮತ್ತು ಅಡ್ಡ ಬರುವ ಫುಟ್‌ರೆಸ್ಟ್ ಬಿಚ್ಚಿದೆವು. ಬಲಗಡೆಯ ಕವರಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ಕವರ್ ಅಂಟಿಕೊಂಡಿದ್ದರೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಬೇಕು. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದರೆ ಅಂಚಿಗೆ ಗಾಯವಾಗಿ ಆಯಿಲ್ ಸೋರುತ್ತದೆ.

ಸ್ಪ್ರಿಂಗಿನ ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಎದುರು ಕಡೆ ಅಂತ ಸ್ವಲ್ಪಸ್ವಲ್ಪವೇ ಸಡಿಲಿಸಿದೆ. ನಡುವೆ ಗಾಡಿಗಳಿರುವ ದುಂಡು ನಟ್ಟು. ಅದಕ್ಕೆ ಬೇರೆಯೇ ಸಾಕೆಟ್ ಬೇಕು. ಚಿಕ್ಕಪ್ಪ ಬಸ್ಸಿನಲ್ಲಿ ಕಳಿಸಿಕೊಟ್ಟಿದ್ದರು. ಉಳಿ, ಸುತ್ತಿಗೆಯಿಂದ ಹೊಡೆದು ಬಿಚ್ಚುವುದನ್ನು ನೋಡಿದ್ದೇನೆ, ಅದು ನಟ್ಟನ್ನೂ ಶಾಫ್ಟನ್ನೂ ಕೆಡಿಸುತ್ತದೆ. ನಟ್ಟಿನ ಜೊತೆ ಎಲ್ಲವೂ ತಿರುಗದ ಹಾಗೆ ಟಾಪ್ ಗೇರಿಗೆ ಹಾಕಿ, ಅಪ್ಪ ಹಿಂದಿನ ಬ್ರೇಕನ್ನು ಒತ್ತಿ ಹಿಡಿದರು. ಕಟಕ್ ಅಂತ ಬಿಟ್ಟಿತು.

ಪ್ಲೇಟುಗಳು ಹೊರಬಂದಾಗ ಒಂದೊಂದಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಉಜ್ಜು ಪ್ಲೇಟು ಒಂದು, ಉಕ್ಕಿನ ಪ್ಲೇಟು ಒಂದು, ಹೀಗೆ ಸರದಿ. ಹೊಸ ಉಜ್ಜು ಪ್ಲೇಟು ವರ್ನಿಯರಿನಲ್ಲಿ 2.9 ಮಿಲಿಮೀಟರ್ ತೋರಿಸಿತು, ಹಳೆಯದು 2.5. ಇಷ್ಟೇನಾ ಅನ್ನಿಸುತ್ತದೆ. ಆದರೆ ಒಂದೊಂದು ಪ್ಲೇಟೂ ಅಷ್ಟಷ್ಟು ತೆಳುವಾದಾಗ ಇಡೀ ಅಟ್ಟಿಯೇ ತಗ್ಗುತ್ತದೆ, ಅದನ್ನು ಒತ್ತಿ ಹಿಡಿಯಲು ಸ್ಪ್ರಿಂಗಿಗೆ ಬಲ ಸಾಲುವುದಿಲ್ಲ. ಸ್ಪ್ರಿಂಗುಗಳೂ ಹೊಸದರ ಪಕ್ಕ ನಿಲ್ಲಿಸಿದರೆ ಕುಗ್ಗಿದ್ದು ಕಾಣುತ್ತಿತ್ತು. ಉಕ್ಕಿನ ಪ್ಲೇಟುಗಳಲ್ಲಿ ಎರಡು ಕಾದು ನೀಲಿಯಾಗಿದ್ದವು. ಗಾಜಿನ ಮೇಲೆ ಇಟ್ಟರೆ ಅಲುಗಾಡಿದವು. ಅಂದರೆ ಸೊಟ್ಟಗಾಗಿವೆ. ಅವನ್ನೂ ಬದಲಿಸಿದೆ. ಪ್ಲೇಟಿನ ಕಿವಿಗಳು ಕೂರುವ ಬಾಸ್ಕೆಟ್ಟಿನ ಸೀಳುಗಳ ಮೇಲೆ ಉಗುರು ಎಳೆದು ನೋಡಿದೆ. ಅಲ್ಲಿ ಹಲ್ಲು ಬಿದ್ದಿದ್ದರೆ ಹೊಸ ಪ್ಲೇಟು ಹಾಕಿದರೂ ಕ್ಲಚ್ಚು ಸರಾಗವಾಗಿ ಬಿಡುವುದಿಲ್ಲ. ಪುಣ್ಯಕ್ಕೆ ನುಣ್ಣಗಿತ್ತು.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಲಾಕ್ ವಾಷರ್ ಮರೆಯಬಾರದು, ಸ್ಪ್ರಿಂಗಿನ ಬೋಲ್ಟನ್ನು ಮತ್ತೆ ಎದುರುಬದುರಾಗಿಯೇ ಬಿಗಿಯಬೇಕು, ಹಳೆಯ ಗ್ಯಾಸ್ಕೆಟ್ಟಿನ ಚೂರು ಒಂದೂ ಉಳಿಯಬಾರದು. ಆಯಿಲ್ ತುಂಬಿ, ಕಡ್ಡಿಯಲ್ಲಿ ಮಟ್ಟ ನೋಡಿ, ಕೇಬಲ್ಲಿನ ಸಡಿಲ ಸರಿಮಾಡುವಷ್ಟರಲ್ಲಿ ನಾಲ್ಕೂವರೆ. ಒಟ್ಟು ಖರ್ಚು 1,240 ರೂಪಾಯಿ. ಹಳೆಯ ಆಯಿಲನ್ನು ತೋಟಕ್ಕೆ ಚೆಲ್ಲಲಿಲ್ಲ. ತೋಟದ ಕೆಳಗೆ ಹಳ್ಳ, ಹಳ್ಳದ ನೀರು ಹತ್ತು ಮನೆಗೆ ಬೇಕು. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆ.

ಕ್ಲಚ್ಚು ಸವೆದದ್ದು ಯಾಕೆ? ತುಂಬಿದ ಕ್ಯಾನು, ಕೆಸರು, ಏರು. ಇಂಥಲ್ಲಿ ಯಾರೇ ಆದರೂ ಅರ್ಧ ಕ್ಲಚ್ಚು ಹಿಡಿದೇ ಹತ್ತಿಸುತ್ತಾರೆ, ಆ ಅರ್ಧದಲ್ಲೇ ಪ್ಲೇಟು ಉಜ್ಜಿ ಕಾಯುವುದು. ಒಂದನೇ ಗೇರಿನಲ್ಲೇ ಹೊರಟು, ಲಿವರನ್ನು ಪೂರ್ತಿ ಬಿಟ್ಟು ಹತ್ತಿಸಿದರೆ ಬಾಳಿಕೆ ಬರುತ್ತದೆ. ಆದರೆ ರಸ್ತೆ ಹೀಗೇ ಇರುವ ತನಕ ಈ ಪ್ಲೇಟುಗಳೂ ಒಂದು ದಿನ ಸವೆಯುತ್ತವೆ. ರಸ್ತೆಯ ಅರ್ಜಿ ಎಷ್ಟು ಸಲ ಹೋದರೂ ಅದರ ಖರ್ಚು ಹೀಗೆ ಮನೆಮನೆಯ ಬೈಕಿನ ಲೆಕ್ಕಕ್ಕೇ ಬರುತ್ತದೆ.

ಅಪ್ಪ ಹೊಗಳುವವರಲ್ಲ. ಸೋಮವಾರ ಡೈರಿಯಿಂದ ಬಂದು, "ದೊಡ್ಡ ಏರಲ್ಲಿ ಎರಡನೇ ಗೇರಲ್ಲೇ ಬಂತು" ಅಂದರು ಅಷ್ಟೆ. ತಂಗಿ ಬಸ್ಸಿಗೆ ಹತ್ತು ನಿಮಿಷ ಮೊದಲೇ ತಲುಪಿದಳು. ಈಗ ಪ್ರತಿ ಭಾನುವಾರ ಸ್ಕೇಲು ಹಿಡಿದು ಲಿವರಿನ ಸಡಿಲ ಅಳೆಯುವವಳೂ ಅವಳೇ.